ಪುಡಿಯ ಗುಟ್ಟು ರಟ್ಟಾದ ಬಗೆ

ಬೆಳ್ತಂಗಡಿಯ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಒಳ್ಳೆಮೆಣಸು ಕೊಯ್ದು ಅಂಗಳದಲ್ಲಿ ಒಣಗಿಸುವವರಿಗೆ ಕಲಬೆರಕೆಯ ಚಿಂತೆಯಿಲ್ಲ. ಇಡೀ ಕಾಳು ಕೊಳ್ಳುವವರಿಗೂ ಒಂದು ದಾರಿಯಿದೆ: ನೀರಿಗೆ ಹಾಕಿದರೆ ಬಲಿತ ಕಾಳು ಮುಳುಗುತ್ತದೆ, ಒಣಗಿದ ಪಪ್ಪಾಯಿ ಬೀಜ ತೇಲುತ್ತದೆ. ಕಷ್ಟ ಶುರುವಾಗುವುದು ಪುಡಿಯಲ್ಲಿ. ಅದರಲ್ಲಿ ಮೆಣಸೆಷ್ಟು, ಹಿಟ್ಟೆಷ್ಟು ಎಂದು ಕೋರ್ಟಿನಲ್ಲಿ ಸಾಧಿಸುವುದು ಹೇಗೆ?

ಬೆಳ್ತಂಗಡಿ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಲೇ, 1918ರಲ್ಲಿ, ಅಲ್ಲಿನ ಸರ್ಕಾರ ಕಲಬೆರಕೆ ತಡೆ ಕಾಯ್ದೆ ತಂದಿತ್ತು. ಅಂಥ ಕಾನೂನಿಗೆ ಬೆನ್ನೆಲುಬಾದ ವಿದ್ಯೆ ಹುಟ್ಟಿದ್ದು ಲಂಡನ್ನಿನಲ್ಲಿ, ಅದೂ ಕಾಫಿಯ ಜಗಳದಿಂದ.

ಕಾಫಿಗೆ ಚಿಕೋರಿ ಬೆರೆಸಿದರೆ ರಸಾಯನಶಾಸ್ತ್ರದಿಂದಾಗಲಿ ಬೇರಾವ ಉಪಾಯದಿಂದಾಗಲಿ ಪತ್ತೆಹಚ್ಚಲಾಗದು ಎಂದು ಬ್ರಿಟನ್ನಿನ ಹಣಕಾಸು ಮಂತ್ರಿ ಚಾರ್ಲ್ಸ್ ವುಡ್ ಪಾರ್ಲಿಮೆಂಟಿನಲ್ಲೇ ಹೇಳಿಬಿಟ್ಟಿದ್ದರು. ವೈದ್ಯ ಆರ್ಥರ್ ಹಿಲ್ ಹ್ಯಾಸಲ್ 1850ರಲ್ಲಿ ಆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಚಿಕೋರಿ ಬೇರು, ಕಾಫಿ ಬೀಜ. ಎರಡರ ಜೀವಕೋಶಗಳೂ ಬೇರೆ ಬೇರೆ. ಹುರಿದು ಬೀಸಿದರೂ ಆ ಗುರುತು ಅಳಿದಿರಲಿಲ್ಲ. 'ದಿ ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕ ಥಾಮಸ್ ವೇಕ್ಲಿ ಹ್ಯಾಸಲ್‌ರನ್ನು ಪೇಟೆಯ ಸಾಮಾನುಗಳ ಪರೀಕ್ಷೆಗೆ ಹಚ್ಚಿದರು. 1851ರಿಂದ ಪತ್ರಿಕೆ ಅಂಗಡಿಯವರ ಹೆಸರು, ವಿಳಾಸದ ಸಮೇತ ಫಲಿತಾಂಶ ಅಚ್ಚು ಹಾಕಿತು. ಸಾಸಿವೆ ಪುಡಿಯಲ್ಲಿ ಗೋಧಿ ಹಿಟ್ಟು ಸಿಕ್ಕಿತು, ಅದರ ಬಿಳುಪು ಮರೆಸಲು ಅರಿಶಿನ! ನಮ್ಮಲ್ಲಿ ಕಲಬೆರಕೆಗೆ ಈಡಾಗುವ ಅರಿಶಿನವೇ ಅಲ್ಲಿ ಕಲಬೆರಕೆಯ ಸಾಧನ. 1860ರಲ್ಲಿ ಬಂದ ಬ್ರಿಟನ್ನಿನ ಕಾನೂನು ಸಪ್ಪೆಯಾಯಿತು, 1875ರದ್ದಕ್ಕೆ ಹಲ್ಲಿತ್ತು.

ಸೂಕ್ಷ್ಮದರ್ಶಕದಡಿ ಮಾಡುವ ಅರಿಶಿನದ ಪರೀಕ್ಷೆ ನನಗೆ ಎಲ್ಲಕ್ಕಿಂತ ಚಂದ ಕಾಣುತ್ತದೆ. ಕಿತ್ತ ಕೊಂಬನ್ನು ಬೇಯಿಸಿ ಒಣಗಿಸುವುದು ವಾಡಿಕೆಯಲ್ಲವೇ? ಬೇಯುವಾಗ ಅದರೊಳಗಿನ ಪಿಷ್ಟ ಅಂಟಾಗಿ ಹಳದಿ ಗಂಟು ಕಟ್ಟುತ್ತದೆ. ಹಸಿ ಅಕ್ಕಿ ಹಿಟ್ಟು ಸೇರಿದ್ದರೆ ಮೂಲೆಮೂಲೆಯ ಸಣ್ಣ ಬಿಳಿ ಕಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಧ್ರುವೀಕರಿಸಿದ ಬೆಳಕಿನಲ್ಲಿ ಈ ಬೇಯದ ಕಣಗಳ ಮೇಲೆ ಕೂಡುಗುರುತಿನಂಥ ಕಪ್ಪು ಗೆರೆ ಮೂಡುತ್ತದೆ, ಬೆಂದ ಪಿಷ್ಟದಲ್ಲಿ ಮೂಡುವುದಿಲ್ಲ. ಬಣ್ಣಕ್ಕೆ ಮೆಟಾನಿಲ್ ಯೆಲ್ಲೋ ಹಾಕಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದಾಗ ಅದು ನೇರಳೆಗೆಂಪಾಗಿ ಸಿಕ್ಕಿಬೀಳುತ್ತದೆ.

ಇಡೀ ದೇಶಕ್ಕೆ ಒಂದೇ ಆದ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ 1955ರ ಜೂನ್ 1ರಂದು ಜಾರಿಗೆ ಬಂತು. ಮರುವರ್ಷ ನವೆಂಬರ್ 1ಕ್ಕೆ ದಕ್ಷಿಣ ಕನ್ನಡ ಮೈಸೂರು ರಾಜ್ಯ ಸೇರಿತು. ಆ ಕಾಯ್ದೆಯಡಿ ಫುಡ್ ಇನ್ಸ್‌ಪೆಕ್ಟರ್ ಅಂಗಡಿಯ ಪುಡಿಯನ್ನು ಪುಕ್ಕಟೆ ಎತ್ತಿಕೊಂಡು ಹೋಗುವಂತಿರಲಿಲ್ಲ. ಬೆಲೆ ಕೊಡಬೇಕು, ಅಲ್ಲೇ ಮೂರು ಪಾಲು ಮಾಡಿ ಸೀಲ್ ಹಾಕಬೇಕು. ಆಗಿನ ನಿಯಮದಂತೆ ಒಂದು ಪಾಲು ಅಂಗಡಿಯವನಿಗೇ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಮೂರನೆಯದು ಮೊಕದ್ದಮೆ ನಡೆದರೆ ಹಾಜರುಪಡಿಸಲಿಕ್ಕೆ. 'ಸ್ಯಾಂಪಲ್ ಬದಲಾಯಿಸಿದ್ದಾರೆ' ಎಂಬ ವಾದಕ್ಕೆ ಉತ್ತರ ಆ ಅರಗಿನ ಮುದ್ರೆಯಲ್ಲೇ ಇತ್ತು. ದಂಡದ ಮೊತ್ತಕ್ಕಿಂತ ಈ ಮೂರು ಪಾಲುಗಳ ಏರ್ಪಾಟೇ ಕಾನೂನಿನ ನಿಜವಾದ ಬಲ ಎನ್ನುವವನು ನಾನು.

ಈಗಿರುವುದು 2011ರ ಆಗಸ್ಟ್ 5ರಂದು ಜಾರಿಯಾದ 2006ರ ಆಹಾರ ಸುರಕ್ಷತೆ ಕಾಯ್ದೆ. ಅದರ 40ನೇ ಕಲಮು ಗ್ರಾಹಕರಿಗೂ ಒಂದು ಹಕ್ಕು ಕೊಟ್ಟಿದೆ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪದಾರ್ಥ ಕಾಯ್ದೆಯ ಮಟ್ಟಕ್ಕಿಲ್ಲವೆಂದು ವರದಿ ಬಂದರೆ ಶುಲ್ಕ ವಾಪಸ್. ನಿಮ್ಮ ಅರಿಶಿನದ ಪುಡಿಯ ಮೇಲೆ ಅನುಮಾನವಿದ್ದರೆ ಈ ಹಕ್ಕನ್ನು ಬಳಸಿಕೊಳ್ಳಿ.