ಕಲ್ಲು ಬಿಟ್ಟು ಚೀಲವನ್ನೇ ಏಕೆ ತೆಗೆಯುತ್ತಾರೆ?

ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶದ ಕಲ್ಲು ಕಂಡಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಕಲ್ಲು ಮಾತ್ರ ತೆಗೆದು ಚೀಲ ಉಳಿಸೋಕೆ ಆಗಲ್ವಾ?’ ಕಿಡ್ನಿಯ ಕಲ್ಲಾದರೆ ಪುಡಿ ಮಾಡಿ ಹೊರಹಾಕುತ್ತಾರೆ, ಕಿಡ್ನಿ ಉಳಿಯುತ್ತದೆ. ಇಲ್ಲಿ ಮಾತ್ರ ಅಂಗವೇ ಹೋಗಬೇಕೇ? ನ್ಯಾಯವಾದ ಪ್ರಶ್ನೆ. ಉತ್ತರ ಸಿಗುವುದು ಆ ಚೀಲ ಮಾಡುವ ಕೆಲಸದಲ್ಲಿ.

ಪಿತ್ತರಸವನ್ನು ತಯಾರಿಸುವುದು ಪಿತ್ತಕೋಶವಲ್ಲ, ಲಿವರ್. ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ರಸ ಅಲ್ಲಿ ಹುಟ್ಟುತ್ತದೆ. ಲಿವರಿನ ಅಡಿಗೆ ಅಂಟಿಕೊಂಡಿರುವ ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಅದಕ್ಕೇ ಅದು ನೀರನ್ನು ಹೀರಿಕೊಂಡು, ರಸವನ್ನು ಐದರಿಂದ ಹತ್ತು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ತುಪ್ಪ ಸುರಿದ ಹೋಳಿಗೆ ಹೊಟ್ಟೆಗೆ ಬಿತ್ತೆನ್ನಿ. ಜಿಡ್ಡು ಸಣ್ಣ ಕರುಳನ್ನು ಮುಟ್ಟಿದೊಡನೆ ಅಲ್ಲಿನ ಜೀವಕೋಶಗಳು ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಪಿತ್ತಕೋಶ ಹಿಂಡಿಕೊಳ್ಳುತ್ತದೆ, ನಾಳದ ತುದಿಯ ಸ್ನಾಯು ಸಡಿಲವಾಗುತ್ತದೆ. ಕರುಳಿಗಿಳಿದ ರಸ, ಸೀಗೆಪುಡಿ ಎಣ್ಣೆ ಬಿಡಿಸುವ ಹಾಗೆ, ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ.

ತೊಂದರೆ ಶುರುವಾಗುವುದೂ ಈ ಗಟ್ಟಿ ಮಾಡುವ ಕೆಲಸದಲ್ಲೇ. ಕೊಲೆಸ್ಟೆರಾಲ್ ನೀರಿನಲ್ಲಿ ಕರಗುವುದಿಲ್ಲ. ರಸದಲ್ಲಿರುವ ಪಿತ್ತಲವಣ ಮತ್ತು ಲೆಸಿಥಿನ್ ಅದನ್ನು ಹಿಡಿದಿಟ್ಟಿರುತ್ತವೆ. ಕೊಲೆಸ್ಟೆರಾಲ್ ಮಿತಿ ಮೀರಿದರೆ, ಇಲ್ಲವೇ ಚೀಲ ಸರಿಯಾಗಿ ಖಾಲಿಯಾಗದಿದ್ದರೆ, ಹರಳು ಕಟ್ಟಿ, ಲೋಳೆಯಲ್ಲಿ ಸಿಕ್ಕಿ, ಕೆಸರಾಗಿ, ಕೊನೆಗೆ ಕಲ್ಲಾಗುತ್ತದೆ. ಬೊಜ್ಜು, ಗರ್ಭಧಾರಣೆ, ಕೆಲವೇ ವಾರಗಳಲ್ಲಿ ತೂಕ ಇಳಿಸುವ ಕಟ್ಟುನಿಟ್ಟಿನ ಡಯಟ್, ಇವೆಲ್ಲ ಅದಕ್ಕೆ ದಾರಿ. ಹೆಂಗಸರಲ್ಲಿ ಕಲ್ಲು ಹೆಚ್ಚು. ಸಿಕಲ್ ಸೆಲ್ ರೋಗದಂತೆ ಕೆಂಪು ರಕ್ತಕಣಗಳು ಬೇಗ ಒಡೆಯುವವರಲ್ಲಿ ಬಿಲಿರುಬಿನ್‌ನಿಂದಾದ ಕಪ್ಪು ಕಲ್ಲುಗಳು ಬೆಳೆಯುತ್ತವೆ. ಹಳೆಯ ಮನೆಗಳಲ್ಲಿ ಅಜ್ಜಿಯರು ತೇಯ್ದು ಮಕ್ಕಳಿಗೆ ನೆಕ್ಕಿಸುತ್ತಿದ್ದ ಗೋರೋಚನ ಕೂಡ ದನದ ಪಿತ್ತಕೋಶದ ಕಲ್ಲೇ.

ನೋವಿಗೆ ತನ್ನದೇ ಒಂದು ಚಹರೆ ಇದೆ. ರಾತ್ರಿ ಗಡದ್ದಾಗಿ ಉಂಡು ಮಲಗಿದವರಿಗೆ ಎದೆಗುಂಡಿಗೆಯ ಕೆಳಗೋ ಬಲಪಕ್ಕೆಯಲ್ಲೋ ಹಿಂಡಿದಂತೆ ಶುರುವಾಗಿ ಬಲ ಹೆಗಲಿನ ಹಿಂಬದಿಗೆ ಹರಡುತ್ತದೆ. ಮಗ್ಗುಲು ಬದಲಿಸಿದರೂ ಬಿಡದು, ವಾಂತಿಯಾದರೂ ಬಿಡದು. ಮನೆಯವರು ‘ಗ್ಯಾಸ್ಟ್ರಿಕ್ಕು’ ಎಂದು ಓಮದ ನೀರು ಕುಡಿಸುತ್ತಾರೆ. ಒಂದೆರಡು ಗಂಟೆಯಲ್ಲಿ ನೋವು ಹೋಗುತ್ತದೆ. ನಿಜಕ್ಕೂ ಆದದ್ದೇನೆಂದರೆ, ಚೀಲದ ಬಾಯಿಗೆ ಸಿಕ್ಕಿಕೊಂಡಿದ್ದ ಕಲ್ಲು ಹಿಂದಕ್ಕೆ ಉರುಳಿದೆ. ಕೀರ್ತಿ ಓಮದ ನೀರಿಗೆ ಹೋಗುತ್ತದೆ, ರೋಗ ವರ್ಷಗಟ್ಟಲೆ ಮರೆಯಲ್ಲಿ ಉಳಿಯುತ್ತದೆ.

ಬಾಳೆದಿಂಡಿನ ರಸದ ಸಲಹೆ ಬರುವುದೂ ಆಗಲೇ. ಕುಡಿದ ರಸ ಕರುಳಿನಿಂದ ರಕ್ತಕ್ಕೆ ಸೇರಿ ಮೂತ್ರವನ್ನು ಹೆಚ್ಚಿಸಬಹುದು. ಪಿತ್ತಕೋಶದ ಕಲ್ಲನ್ನು ಅದು ತೊಳೆದು ಹಾಕಲಾರದು. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಹಸಿರು ಕಲ್ಲುಗಳು ಮಲದಲ್ಲಿ ಬೀಳುತ್ತವೆಂಬ ಮಾತೂ ಉಂಟು. ಹಾಗೆ ಬಿದ್ದವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅವುಗಳಲ್ಲಿ ಕೊಲೆಸ್ಟೆರಾಲ್ ಇರಲಿಲ್ಲ, ಬಿಲಿರುಬಿನ್ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನ ಉಂಡೆಯಾಗಿತ್ತು. ನೋವುಣ್ಣುತ್ತಿರುವವರನ್ನು ಹೀಗೆ ನಂಬಿಸುವುದು ಅನ್ಯಾಯ.

ಹಿಂದೆ ಶಸ್ತ್ರವೈದ್ಯರೂ ಚೀಲ ಕೊಯ್ದು ಕಲ್ಲನ್ನಷ್ಟೇ ತೆಗೆಯುತ್ತಿದ್ದರು. ಕಲ್ಲುಗಳು ಮತ್ತೆ ಹುಟ್ಟುತ್ತಿದ್ದವು. ಕಲ್ಲು ಕಟ್ಟುವುದು ಚೀಲದಲ್ಲೇ ಆದ್ದರಿಂದ ಚೀಲವನ್ನೇ ತೆಗೆಯಬೇಕೆಂದು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ತೀರ್ಮಾನಿಸಿದರು. 1882ರ ಜುಲೈ 15ರಂದು 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನು ಅವರು ತೆಗೆದರು. ಹದಿನಾರು ವರ್ಷ ನರಳಿದ್ದ ಆತ ಗುಣವಾಗಿ ಮನೆಗೆ ಹೋದ. ಅವರ ತರ್ಕ ಇಂದಿಗೂ ಸರಿಯಾಗಿದೆ: ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೆಲವರ ಸಣ್ಣ ಕೊಲೆಸ್ಟೆರಾಲ್ ಕಲ್ಲುಗಳನ್ನು ಕರಗಿಸುತ್ತದೆ, ಆದರೆ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಲ್ಲಿ ಅವು ಮರಳಿ ಬರುತ್ತವೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೊಸ್ಕೋಪ್ ಬಳಸಿ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್‌ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು.

ಚೀಲ ಹೋದಮೇಲೆ ರಸ ಲಿವರಿನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಕೆಲಕಾಲ ಭೇದಿಯಾಗುವುದುಂಟು. ಬಹುಪಾಲು ಜನ ಎಲ್ಲರಂತೆ ಉಂಡು ತಿಂದು ಇರುತ್ತಾರೆ. ಕುದುರೆಗೂ ಆನೆಗೂ ಪಿತ್ತಕೋಶ ಇಲ್ಲವೇ ಇಲ್ಲ.

ಹಾಗೆಂದು ಕಲ್ಲು ಕಂಡವರೆಲ್ಲ ಆಪರೇಷನ್ನಿಗೆ ಓಡಬೇಕಿಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಸಿಕ್ಕ, ಎಂದೂ ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಚೀಲದ ಗೋಡೆಯಲ್ಲಿ ಸುಣ್ಣ ಕಟ್ಟಿರುವುದು, ಇಂಥವಿದ್ದರೆ ಕ್ಯಾನ್ಸರ್ ಅಪಾಯ ನೋಡಿ ಲೆಕ್ಕ ಬೇರೆ ಹಾಕುತ್ತಾರೆ. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಇಲ್ಲವೇ ನೋವು ಗಂಟೆಗಟ್ಟಲೆ ಬಿಡದಿದ್ದರೆ ಬೆಳಗಾಗಲೆಂದು ಕಾಯಬಾರದು. ಕಲ್ಲು ಪಿತ್ತನಾಳಕ್ಕೆ ಜಾರಿ ಸೋಂಕು ತಂದಿರಬಹುದು, ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಶುರುವಾಗಿರಬಹುದು. ಎರಡೂ ಜೀವಕ್ಕೆ ಎರವಾಗಬಲ್ಲವು.