ಖ್ಯಾತರ ಮುಂದೆ ಕೈ ನಡುಗಿದರೂ ಬರಹ ನಡುಗದಿರಲಿ

ಕುಷಾಯಿಗೂಡ: ಮಗಳೋ ಮಗನೋ ಪತ್ರಿಕೋದ್ಯಮ ಓದುತ್ತಿದ್ದಾರೆ ಎಂದು ಸಂಘದ ಸಭೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಮುಂದಿನ ರಾಜ್ಯೋತ್ಸವಕ್ಕೆ ಬರುವ ಮುಖ್ಯ ಅತಿಥಿಯ ಸಂದರ್ಶನದ ಹೊಣೆ ಆ ಮಕ್ಕಳ ಹೆಗಲಿಗೇ ಬೀಳುತ್ತದೆ. ಸ್ಮರಣ ಸಂಚಿಕೆಗೆ ಎರಡು ಪುಟ ತುಂಬಬೇಕು; ಅತಿಥಿಗೆ ಬಿಡುವಿರುವುದು ಹತ್ತೇ ನಿಮಿಷ. ಎದುರಿಗೆ ಕುಳಿತವರು ಪರದೆಯ ಮೇಲೆ ಕಂಡ ನಟ ಅಥವಾ ಪಠ್ಯದಲ್ಲಿ ಓದಿದ ಸಾಹಿತಿ. ಬಾಯಿ ಒಣಗುವುದು, ಬರೆದುಕೊಂಡ ಪ್ರಶ್ನೆ ಮರೆತುಹೋಗುವುದು ಸಹಜವೇ.

1967ರಲ್ಲಿ ಇಸಿಐಎಲ್ ಆರಂಭವಾದ ಮೇಲೆ ಹಲವು ರಾಜ್ಯಗಳ ಜನ ಬಂದು ನೆಲೆಸಿದ ಪ್ರದೇಶವಿದು. ಇಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದಲ್ಲಿ ದಖ್ಖನಿ, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಮಾಧ್ಯಮಕ್ಕೂ ಈ ನಗರ ದೂರವಲ್ಲ. 2000ದ ಡಿಸೆಂಬರ್‌ನಲ್ಲಿ ಶುರುವಾದ ಈಟಿವಿ ಕನ್ನಡದ ಬೇರು ಇದ್ದದ್ದು ರಾಮೋಜಿ ಫಿಲ್ಮ್ ಸಿಟಿಯಲ್ಲೇ. 2019ರಲ್ಲಿ ಅಲ್ಲಿಂದಲೇ ಆರಂಭವಾದ ಈಟಿವಿ ಭಾರತ್‌ನಲ್ಲೂ ಕನ್ನಡಕ್ಕೆ ಜಾಗವಿದೆ. ಹೀಗಾಗಿ ಇಂದು ಅತಿಥಿಯ ಮುಂದೆ ತಡವರಿಸುವ ವಿದ್ಯಾರ್ಥಿ ನಾಳೆ ಸುದ್ದಿಮನೆಯಲ್ಲಿ ಕೂರಬಹುದು. ಆರಂಭದ ಅಭ್ಯಾಸ ಸರಿಯಿರಬೇಕಾದುದು ಅದಕ್ಕೇ.

ಅಂಜಿಕೆ ತಪ್ಪಲ್ಲ

1969ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೆರ್ರಿ ಲೆವಿಟನ್ ಎಂಬ 14ರ ಹುಡುಗ ಬೀಟಲ್ಸ್ ತಂಡದ ಜಾನ್ ಲೆನನ್ ತಂಗಿದ್ದ ಹೋಟೆಲ್ ಕೋಣೆಯನ್ನು ಹುಡುಕಿಕೊಂಡು ಹೋಗಿ ಸಂದರ್ಶನ ಪಡೆದ. ಟೇಪಿನಲ್ಲಿ ಉಳಿದ ಆ ಮಾತುಗಳೇ 2007ರಲ್ಲಿ ಕಿರುಚಿತ್ರವಾಗಿ ಆಸ್ಕರ್ ನಾಮನಿರ್ದೇಶನದವರೆಗೆ ಹೋದವು. ಹುಡುಗ ಅಂಜಿದನೋ ಇಲ್ಲವೋ, ದಾಖಲೆ ಉಳಿಯಿತು.

ನಮ್ಮ ಗಿರೀಶ ಕಾರ್ನಾಡರು ಹದಿಹರೆಯದಲ್ಲಿ ಖ್ಯಾತರ ರೇಖಾಚಿತ್ರ ಬರೆದು, ಹಸ್ತಾಕ್ಷರ ಕೋರಿ ಅವರಿಗೇ ಕಳಿಸುತ್ತಿದ್ದರು. ಇದರಲ್ಲಿ ಕಾಲ ಕಳೆಯುವ ಬದಲು ಜನ ನಿನ್ನ ಹಸ್ತಾಕ್ಷರ ಕೇಳುವಂಥ ಕೆಲಸ ಮಾಡು ಎಂಬರ್ಥದ ಉತ್ತರ ಐರ್ಲೆಂಡಿನ ನಾಟಕಕಾರ ಶಾನ್ ಓಕೇಸಿ ಅವರಿಂದ ಬಂದಿತ್ತು. ಸಂದರ್ಶನಕ್ಕೆ ಹೊರಟವರಿಗೂ ಈ ಮಾತು ಒಪ್ಪುತ್ತದೆ. ಹಸ್ತಾಕ್ಷರ, ಸೆಲ್ಫಿ ಎಲ್ಲ ಕೆಲಸ ಮುಗಿದ ಮೇಲೆ. ಮೊದಲೇ ಅಭಿಮಾನಿಯಾಗಿ ಕೈಮುಗಿದವರಿಗೆ ಕಷ್ಟದ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ.

ಒಂದು ಉತ್ತರ, ಐದು ವರ್ಷದ ಅಲೆದಾಟ

ಭಯಕ್ಕಿಂತ ದೊಡ್ಡ ಅಪಾಯ ಬರೆಯುವಾಗ ಬರುತ್ತದೆ. ಅರ್ಧ ಕೇಳಿಸಿದ ಮಾತನ್ನು ಪೂರ್ತಿ ಮಾಡುವ, ಸಪ್ಪೆ ಉತ್ತರಕ್ಕೆ ಒಗ್ಗರಣೆ ಹಾಕುವ ಆಸೆ ಅದು. ಹಾಲಿವುಡ್ ತಾರೆಯರ ಸಂದರ್ಶನಗಳನ್ನು ಕಲ್ಪಿಸಿ ಬರೆದ ಟಾಮ್ ಕುಮ್ಮರ್ ಎಂಬ ಸ್ವಿಸ್ ಬರಹಗಾರನ ವಂಚನೆ 2000ದಲ್ಲಿ ಬಯಲಾದಾಗ, ಅವನ್ನು ಅಚ್ಚು ಮಾಡಿದ್ದ ಜರ್ಮನ್ ನಿಯತಕಾಲಿಕದ ಸಂಪಾದಕರೂ ಹುದ್ದೆ ಕಳೆದುಕೊಂಡರು.

ನಮ್ಮ ನೆರೆಯಲ್ಲೇ ನಡೆದದ್ದು 'ರಣಧೀರ' ಚಿತ್ರದ ನಾಯಕಿ ಖುಷ್ಬೂ ಅವರ ಪ್ರಕರಣ. 2005ರ ಸೆಪ್ಟೆಂಬರ್‌ನಲ್ಲಿ ವಿವಾಹಪೂರ್ವ ಸಂಬಂಧಗಳ ಕುರಿತು ಅವರು ಪತ್ರಿಕೆಯೊಂದಕ್ಕೆ ಅಭಿಪ್ರಾಯ ಹೇಳಿದರು. ಬಳಿಕ ತಮಿಳು ದೈನಿಕವೊಂದು ಅವರೊಡನೆ ನಡೆಸಿದ್ದೆಂದು ಸಂಭಾಷಣೆಯೊಂದನ್ನು ಪ್ರಕಟಿಸಿತು. ತಾವು ಹಾಗೆ ಹೇಳಿಯೇ ಇಲ್ಲವೆಂದು ಅವರು ನೋಟಿಸ್ ಕಳಿಸಿದರು. ಅಷ್ಟರಲ್ಲಿ ಊರೂರಿನ ನ್ಯಾಯಾಲಯಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರು ದಾಖಲಾದವು. ಅವೆಲ್ಲ ರದ್ದಾದದ್ದು 2010ರ ಏಪ್ರಿಲ್ 28ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಇದೇ ವಿವಾದದ ಬಗ್ಗೆ 2005ರ ನವೆಂಬರ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸಿದ ಹೈದರಾಬಾದಿನ ಸಾನಿಯಾ ಮಿರ್ಜಾ ಅವರ ವಿರುದ್ಧವೂ ಪ್ರತಿಭಟನೆ ನಡೆದು, ಅವರು ಸ್ಪಷ್ಟನೆ ಕೊಡಬೇಕಾಯಿತು. ಆಗ ಅವರ ವಯಸ್ಸು 19, ಇಂದಿನ ಪದವಿ ವಿದ್ಯಾರ್ಥಿಗಳದ್ದೇ ವಯಸ್ಸು.

'ಅವಸರ' ತಂದೀತು ಅನರ್ಥ

ಹೊರನಾಡ ಕನ್ನಡ ವಿದ್ಯಾರ್ಥಿಗೆ ಇನ್ನೊಂದು ಹೊಣೆ ಹೆಚ್ಚಿಗೆ ಇದೆ. ಕೇಳುವುದು ಒಂದು ಭಾಷೆಯಲ್ಲಿ, ಬರೆಯುವುದು ಇನ್ನೊಂದರಲ್ಲಿ. ರಾಜಕೀಯಕ್ಕೆ ಬರುತ್ತೀರಾ ಎಂದು ತೆಲುಗು ನಟರೊಬ್ಬರನ್ನು ಕೇಳಿದಾಗ ಅವರು 'ಅವಸರಂ ಲೇದು' ಎಂದರೆಂದುಕೊಳ್ಳೋಣ. ಅದರ ಅರ್ಥ 'ಅಗತ್ಯವಿಲ್ಲ' ಎಂದು. ಕನ್ನಡದ ಕಿವಿ ಅದನ್ನು 'ಆತುರವಿಲ್ಲ' ಎಂದು ಕೇಳಿಸಿಕೊಂಡರೆ, ಬರುವುದಿಲ್ಲ ಎಂದವರು ಮುಂದೆ ಬರುತ್ತೇನೆ ಎಂದಂತಾಗುತ್ತದೆ! ಎರಡೂ ಭಾಷೆ ಬಲ್ಲೆವೆಂಬ ಧೈರ್ಯವೇ ಇಲ್ಲಿ ಮೋಸ ಮಾಡುವುದು. ಸಂಶಯ ಬಂದಲ್ಲಿ 'ನೀವು ಹೇಳಿದ್ದು ಹೀಗೆಯೇ ಸಾರ್?' ಎಂದು ಅಲ್ಲೇ ಮತ್ತೊಮ್ಮೆ ಕೇಳುವುದು ಅವಮಾನವಲ್ಲ. ಉದ್ಧರಣ ಚಿಹ್ನೆಯೊಳಗೆ ಹೋಗುವುದು ಅವರ ಮಾತು ಮಾತ್ರ. ತಿಳಿದಷ್ಟರ ಸಾರ ಚಿಹ್ನೆಯ ಹೊರಗೆ ಇರಲಿ.

ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವ ಮೊದಲು ಅನುಮತಿ ಕೇಳಬೇಕು. ತಿಳಿಸದೆ, ಒಪ್ಪಿಗೆಯಿಲ್ಲದೆ ಮುದ್ರಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ನಿಯಮಗಳೂ ಹೇಳುತ್ತವೆ. ಬಲವಾದ ಕಾರಣವಿದ್ದಾಗ ಮಾತ್ರ ವಿನಾಯಿತಿ. 'ಇದನ್ನು ಬರೆಯಬೇಡಿ' ಎಂಬ ಷರತ್ತಿಗೆ ಒಪ್ಪಿ ಕೇಳಿದ ಮಾತನ್ನು ಬರೆಯಲೇಬಾರದು. ಹಾಗೆಯೇ, ವಾಸ್ತವಾಂಶ ಖಚಿತಪಡಿಸಿಕೊಳ್ಳುವುದು ಬೇರೆ, ಬರಹವನ್ನೇ ತಿದ್ದಲು ಅತಿಥಿಯ ಕೈಗೆ ಕೊಡುವುದು ಬೇರೆ. ಹುಟ್ಟೂರು, ಇಸವಿ, ಕೃತಿಗಳ ಹೆಸರನ್ನು ಮೊದಲೇ ಓದಿಕೊಂಡು ಹೋದರೆ ಹತ್ತು ನಿಮಿಷವೂ ಸಾಲುತ್ತದೆ, ಅರ್ಧ ಭಯವೂ ಇಳಿಯುತ್ತದೆ.

ಹಿರಿಯರೇನು ಮಾಡಬಹುದು?

ಸಂಘದ ಪದಾಧಿಕಾರಿಗಳ ಪಾತ್ರವೂ ಸಣ್ಣದಲ್ಲ. 'ಅತಿಥಿ ಬೇಸರ ಮಾಡಿಕೊಂಡಾರು, ಆ ಪ್ರಶ್ನೆ ಬಿಡಮ್ಮಾ' ಎಂದು ಮಕ್ಕಳನ್ನು ಹಿಂದಕ್ಕೆಳೆದರೆ ಕೊನೆಗೆ ಸಿಗುವುದು ಸನ್ಮಾನಪತ್ರವೇ ಹೊರತು ಸಂದರ್ಶನವಲ್ಲ. ಸಭೆಯ ಗದ್ದಲದಿಂದ ದೂರ ಎರಡು ಕುರ್ಚಿ, ಕಾಲು ಗಂಟೆ ಬಿಡುವು ಮಾಡಿಕೊಟ್ಟರೆ ಅದೇ ದೊಡ್ಡ ಸಹಾಯ. ಸ್ಮರಣ ಸಂಚಿಕೆಯನ್ನು ಓದುವವರು ನೂರಿನ್ನೂರು ಮಂದಿ ಇರಬಹುದು. ಆದರೆ ಅದರಲ್ಲಿ ಅಚ್ಚಾದ ಮಾತು ಮಾತ್ರ ಆಡಿದವರ ಹೆಸರಿನಲ್ಲೇ ಉಳಿಯುತ್ತದೆ.