ಹಳೆಯ ಮೋಟಾರ್ ಸೈಕಲ್ಲು

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐ.ಎನ್.ಎಸ್. ಚಪಲ್ ಎಂಬ ಯುದ್ಧನೌಕೆಯು ದಡದ ಮೇಲೆ ನಿಂತಿದೆ. ನೌಕಾದಳದ ಸೇವೆಯಿಂದ ನಿವೃತ್ತವಾದ ಈ ಕ್ಷಿಪಣಿ ನೌಕೆಯನ್ನು 2006ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾರ್ಪಡಿಸಲಾಯಿತು. ಪ್ರವಾಸಿಗರು ಅದರ ಒಡಲೊಳಗೆ ಇಳಿದು, ನಾವಿಕರು ಬದುಕಿದ ಇಕ್ಕಟ್ಟಾದ ಕೋಣೆಗಳನ್ನು ನೋಡಿ ಹೋಗುತ್ತಾರೆ. ಕಡಲು ಕೂಗಳತೆಯಲ್ಲಿಯೇ ಇದ್ದರೂ ಆ ನೌಕೆ ಮತ್ತೆ ನೀರಿಗಿಳಿಯುವಂತಿಲ್ಲ. ಹಳೆಯ ಯಂತ್ರವನ್ನು ಕಾಪಾಡುವ ಒಂದು ಬಗೆ ಇದು: ಅದನ್ನು ನಿಲ್ಲಿಸಿ, ನೋಡಲಿಕ್ಕೆಂದು ಇಡುವುದು. ಇನ್ನೊಂದು ಬಗೆ ಇದಕ್ಕಿಂತ ಕಷ್ಟದ್ದು. ಯಂತ್ರವನ್ನು ಅದು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಉಳಿಸಿಕೊಂಡು, ಅದರ ಕೆಲಸವನ್ನೂ ಅದರಿಂದ ಮಾಡಿಸುವುದು. ಹಳೆಯ ಮೋಟಾರ್ ಸೈಕಲ್ಲುಗಳ ಪ್ರೇಮಿಗಳು ಈ ಎರಡನೆಯ ಬಗೆಯವರು. ಓಡದೆ ನಿಂತ ಗಾಡಿ ಅವರ ದೃಷ್ಟಿಯಲ್ಲಿ ನುಡಿಸದೆ ಮೂಲೆಯಲ್ಲಿಟ್ಟ ಮದ್ದಳೆಯಂತೆ.

ಕನ್ನಡನಾಡಿನಲ್ಲಿ ಇಂಥ ಪ್ರೀತಿಗೆ ಪಾತ್ರವಾದ ಗಾಡಿಗಳಲ್ಲಿ ಮೈಸೂರಿನ ಜಾವಾ ಮೊದಲನೆಯದು. ಜಾವಾ ಎಂಬುದು ಮೂಲತಃ ಜೆಕೊಸ್ಲೊವಾಕಿಯ ದೇಶದ ಹೆಸರು. ಅಲ್ಲಿಯ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಕೊಂಡಾಗ, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್ ಎಂಬುದರ ಮೊದಲೆರಡು ಅಕ್ಷರಗಳನ್ನು ಜೋಡಿಸಿ ಈ ಹೆಸರನ್ನು ಇಟ್ಟನು. ಆ ಸಂಸ್ಥೆಯ ಅನುಮತಿಯನ್ನು ಪಡೆದು ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ದಿ ಎಂದಾಯಿತು. ಹೆಸರು ಬದಲಾದರೂ ಜನರ ಬಾಯಿಯಲ್ಲಿ ‘ಜಾವಾ’ ಬಹುಕಾಲ ಉಳಿಯಿತು.

ಈ ಗಾಡಿಯ ಎಂಜಿನ್ನು 250 ಸಿ.ಸಿ. ಗಾತ್ರದ್ದು, ದ್ವಿಘಾತ ಪದ್ಧತಿಯದು. ಕೊಳವೆಯೊಳಗೆ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದರೆ ಒಂದು ಆವರ್ತ ಮುಗಿಯುತ್ತದೆ. ಪ್ರತಿ ಸುತ್ತಿಗೂ ಒಂದು ಸ್ಫೋಟ. ಚತುರ್ಘಾತ ಎಂಜಿನ್ನಿನಲ್ಲಾದರೋ ಎರಡು ಸುತ್ತಿಗೆ ಒಂದು ಸ್ಫೋಟ. ದ್ವಿಘಾತ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ಗೋಡೆಯಲ್ಲಿರುವ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲಿನ ಆವಿಯು ಎಂಜಿನ್ನಿನ ಕೆಳಗಿನ ಕೋಣೆಯ ಮೂಲಕವೇ ಹಾದುಹೋಗಬೇಕಾದುದರಿಂದ, ಅಲ್ಲಿಯ ಭಾಗಗಳು ಸವೆಯದಂತೆ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸುತ್ತಾರೆ. ಎಣ್ಣೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ನು ಹಿಡಿದುಕೊಳ್ಳುವ ಅಪಾಯ. ಕೊಳವೆ ಒಂದೇ ಆದರೂ ಹೊಗೆ ಹೋಗಲು ಎರಡು ಸೈಲೆನ್ಸರುಗಳು, ಬಲಕ್ಕೊಂದು ಎಡಕ್ಕೊಂದು. ಗಾಡಿಯನ್ನು ಚಾಲೂ ಮಾಡುವ ಕಿಕ್ಕೂ ಗೇರನ್ನು ಬದಲಿಸುವ ಸನ್ನೆಯೂ ಒಂದೇ ಕಡ್ಡಿ ಎಂಬುದು ಇದರ ದೊಡ್ಡ ಚಮತ್ಕಾರ. ಎಂಜಿನ್ನು ಚಾಲೂ ಆದ ಮೇಲೆ ಅದೇ ಕಡ್ಡಿಯನ್ನು ಮುಂದಕ್ಕೆ ಮಡಿಸಿದರೆ ಅದು ಗೇರಿನ ಕಡ್ಡಿಯಾಗುತ್ತದೆ. ಹೊಸಬರು ಕಿಕ್ಕನ್ನು ಹುಡುಕುತ್ತ ತಬ್ಬಿಬ್ಬಾಗುವುದನ್ನು ಕಂಡು ಹಳಬರು ನಗುವುದುಂಟು.

ಕರಾವಳಿಗೆ ಈ ಗಾಡಿ ಹೊಂದಿಕೊಂಡುದಕ್ಕೆ ಇನ್ನೊಂದು ಕಾರಣವಿದೆ. ಇದರ ಚೈನು ಹೊರಗೆ ಕಾಣುವುದಿಲ್ಲ. ಪೂರ್ತಿಯಾಗಿ ತಗಡಿನ ಕವಚದೊಳಗೆ ಅಡಗಿದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನಿನಲ್ಲಿ ಶುರುವಾದ ಮಳೆಯು ನಾಲ್ಕು ತಿಂಗಳು ಬಿಡುವು ಕೊಡುವುದು ಅಪರೂಪ. ಅಂಕೋಲೆಯಿಂದ ಯಲ್ಲಾಪುರಕ್ಕೆ ಏರುವ ಅರಬೈಲು ಘಟ್ಟದಲ್ಲಿ ಕೆಂಪು ಮಣ್ಣಿನ ನೀರು ಚಕ್ರದಿಂದ ಚಿಮ್ಮಿ ಎಲ್ಲ ಸಂದುಗಳಿಗೂ ನುಗ್ಗುತ್ತದೆ. ತೆರೆದ ಚೈನು ಇಂಥ ಕಡೆ ಬೇಗನೆ ಸವೆಯುವುದು ಸಹಜ. ಕಾಳಿ ನದಿಗೆ ಕಾರವಾರದ ಬಳಿ ಸೇತುವೆಯಾದದ್ದು 1983ರಲ್ಲಿ. ಅದಕ್ಕೆ ಮೊದಲು ಸದಾಶಿವಗಡದ ಕಡೆಗೆ ಹೋಗಬೇಕಾದವರು ತಾರಿಯನ್ನು ನೆಚ್ಚಿಕೊಂಡಿದ್ದರು. ಆ ಸೇತುವೆಯೇ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿದ್ದಿತು. ಸೇತುವೆಗಿಂತ ಇಪ್ಪತ್ತು ವರ್ಷ ಹಿರಿದಾದ ಮೋಟಾರ್ ಸೈಕಲ್ಲುಗಳು ಇನ್ನೂ ಓಡುತ್ತಿರುವುದನ್ನು ನೆನೆದರೆ ಆಶ್ಚರ್ಯವೆನಿಸುತ್ತದೆ.

ಆದರೆ ಕರಾವಳಿಯಲ್ಲಿ ಗಾಡಿಯ ನಿಜವಾದ ವೈರಿ ಮಳೆಯಲ್ಲ, ಉಪ್ಪು. ಕಡಲ ಗಾಳಿಯು ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತುತಂದು ಲೋಹದ ಮೇಲೆ ಕೂರಿಸುತ್ತದೆ. ಉಪ್ಪು ತೇವವನ್ನು ಎಳೆದು ಹಿಡಿದಿಡುವ ಗುಣವುಳ್ಳದ್ದು. ಮೇಲಾಗಿ ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕಬ್ಬಿಣ ಆಮ್ಲಜನಕದೊಡನೆ ಕೂಡುವ ಕ್ರಿಯೆ ವೇಗವಾಗಿ ನಡೆಯುತ್ತದೆ. ಥಳಥಳಿಸುವ ಕ್ರೋಮಿನ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ತುಕ್ಕು ಆ ರಂಧ್ರಗಳಿಂದ ಒಳಗಿಳಿದು, ಲೇಪದ ಅಡಿಯಲ್ಲಿಯೇ ಹಬ್ಬಿ, ಒಂದು ದಿನ ಅದನ್ನು ಸಿಪ್ಪೆಯಂತೆ ಎಬ್ಬಿಸಿಬಿಡುತ್ತದೆ. ಪೆಟ್ರೋಲು ಟ್ಯಾಂಕಿನ ಒಳಮೈ ಕೂಡ ಸುರಕ್ಷಿತವಲ್ಲ. ಟ್ಯಾಂಕು ಅರ್ಧ ಖಾಲಿಯಿದ್ದರೆ ಉಳಿದ ಜಾಗದ ತೇವಭರಿತ ಗಾಳಿಯು ರಾತ್ರಿ ತಣಿದು ಹನಿಯಾಗುತ್ತದೆ. ಆದ್ದರಿಂದ ಅನುಭವಿಗಳು ಮಳೆಗಾಲದಲ್ಲಿ ಗಾಡಿಯನ್ನು ನಿಲ್ಲಿಸುವ ಮುನ್ನ ಟ್ಯಾಂಕನ್ನು ತುಂಬಿಸುತ್ತಾರೆ, ಚಕ್ರದ ಕಡ್ಡಿಗಳನ್ನು ಸಿಹಿನೀರಿನಿಂದ ತೊಳೆದು ಒರೆಸಿ ಎಣ್ಣೆ ಸವರುತ್ತಾರೆ. ಕಡಲಿನಿಂದ ದೂರವಿರುವ ಮೈಸೂರಿನಲ್ಲಿ ಮೂಲ ಬಣ್ಣ, ಮೂಲ ಲೇಪಗಳೊಡನೆ ಉಳಿದ ಗಾಡಿಗಿಂತ ಅಂಕೋಲೆಯಲ್ಲಿ ಹಾಗೆ ಉಳಿದ ಗಾಡಿಯ ಹಿಂದೆ ಹೆಚ್ಚಿನ ದುಡಿಮೆಯಿದೆ ಎಂದರೆ ತಪ್ಪಾಗದು.

ಮೂಲರೂಪಕ್ಕೆ ಇಷ್ಟೊಂದು ಬೆಲೆ ಏಕೆ? ಇದನ್ನು ತಿಳಿಯಲು ಹಳೆಯ ಗಾಡಿಗಳ ಪಂದ್ಯಗಳನ್ನು ನೋಡಬೇಕು. ಬ್ರಿಟನ್ನಿನಲ್ಲಿ ‘ಟ್ರಯಲ್ಸ್’ ಎಂಬ ಪಂದ್ಯವಿದೆ. ಇದು ವೇಗದ ಪಂದ್ಯವಲ್ಲ. ಬಂಡೆ, ಕೆಸರು, ತೊರೆ, ಕಡಿದಾದ ಏರು ಇವುಗಳ ನಡುವೆ ಗುರುತುಮಾಡಿದ ಕಿರುದಾರಿಯಲ್ಲಿ ಸವಾರನು ಕಾಲನ್ನು ನೆಲಕ್ಕೆ ಊರದೆ ಗಾಡಿಯನ್ನು ದಾಟಿಸಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಸಲವಾದರೆ ಎರಡು, ಅದಕ್ಕೂ ಹೆಚ್ಚಾದರೆ ಮೂರು. ಬಿದ್ದರೆ ಅಥವಾ ಗೆರೆ ದಾಟಿದರೆ ಐದು. ಇವು ತಪ್ಪಿನ ಅಂಕಗಳಾದ್ದರಿಂದ ಕಡಿಮೆ ಪಡೆದವನೇ ಗೆಲ್ಲುತ್ತಾನೆ. ಸ್ಕಾಟ್ಲೆಂಡಿನಲ್ಲಿ ಆರು ದಿನಗಳ ಕಾಲ ನಡೆಯುವ ಇಂಥ ಪಂದ್ಯವು 1909ರಷ್ಟು ಹಿಂದೆ ಆರಂಭವಾಯಿತು. ನಮ್ಮ ರಸ್ತೆಗಳಲ್ಲಿ ಚಿರಪರಿಚಿತವಾದ ಬುಲೆಟ್ ಗಾಡಿಯೂ ಈ ಪಂದ್ಯದ ಗರಡಿಯಲ್ಲಿ ಪಳಗಿದ್ದು ಎಂಬುದು ಹಲವರಿಗೆ ತಿಳಿಯದು. ರಾಯಲ್ ಎನ್‌ಫೀಲ್ಡಿನ 350 ಸಿ.ಸಿ. ಬುಲೆಟ್ಟನ್ನೇರಿ ಜಾನಿ ಬ್ರಿಟನ್ ಎಂಬ ಸವಾರನು 1952ರಲ್ಲಿಯೂ 1957ರಲ್ಲಿಯೂ ಅಲ್ಲಿ ಗೆದ್ದನು. ಅದೇ ಬುಲೆಟ್ಟಿನ ತಯಾರಿಕೆಗಾಗಿ ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಹುಟ್ಟಿತು.

ಆ ಕಾಲದ ಬ್ರಿಟಿಷ್ ಗಾಡಿಗಳು ಭಾರವಾದವು, ಚತುರ್ಘಾತ ಎಂಜಿನ್ನಿನವು. ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ ಎಂಬ ಸವಾರನು 500 ಸಿ.ಸಿ.ಯ ಏರಿಯಲ್ ಗಾಡಿಯ ಒಂದೊಂದು ಭಾಗವನ್ನೂ ಹಗುರಮಾಡುತ್ತ ಹೋಗಿ, ಅದರ ಮೇಲೆ 1962 ಮತ್ತು 1964ರಲ್ಲಿ ಸ್ಕಾಟ್ಲೆಂಡಿನ ಪಂದ್ಯವನ್ನು ಗೆದ್ದನು. ಅನಂತರ ಅವನು ಸ್ಪೇನಿನ ಬುಲ್ಟಾಕೊ ಸಂಸ್ಥೆಯನ್ನು ಸೇರಿ, ಅವರಿಗಾಗಿ ಹಗುರವಾದ ದ್ವಿಘಾತ ಗಾಡಿಯೊಂದನ್ನು ರೂಪಿಸಲು ನೆರವಾದನು. 1965ರಲ್ಲಿ ಅದನ್ನೇ ಏರಿ ಗೆದ್ದನು. ಅಲ್ಲಿಗೆ ಒಂದು ಯುಗ ಮುಗಿಯಿತು. ಕೆಲವೇ ವರ್ಷಗಳಲ್ಲಿ ಹಳೆಯ ಭಾರದ ಗಾಡಿಗಳು ಪಂದ್ಯದಿಂದ ಮರೆಯಾದವು. ಎಷ್ಟೋ ಗಾಡಿಗಳು ಕೊಟ್ಟಿಗೆಗಳಲ್ಲಿ ಕೋಳಿಗಳಿಗೆ ಆಶ್ರಯವಾಗಿರಬೇಕು. ಮುಂದೆ ಅವುಗಳ ಮೇಲೆ ಮಮತೆಯುಳ್ಳವರು, ಅವಕ್ಕಾಗಿಯೇ ಪ್ರತ್ಯೇಕ ಪಂದ್ಯಗಳನ್ನು ಏರ್ಪಡಿಸಿದರು. 1965ಕ್ಕೆ ಮುಂಚಿನ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಆ ವರ್ಷವನ್ನೇ ಗಡಿಯಾಗಿ ಆರಿಸಿದುದರ ಅರ್ಥ ಈಗ ಸ್ಪಷ್ಟವಾಗುತ್ತದೆ.

ಗಡಿಯನ್ನು ಎಳೆದ ಕೂಡಲೇ ವಾದಗಳು ಎದ್ದವು. ಚಾಸಿ ಹಳೆಯದು, ಆದರೆ ಒಳಗಿನ ಪಿಸ್ಟನ್ನು ಹೊಸದು. ಈ ಗಾಡಿ ಅರ್ಹವೇ? ಸವೆದ ಭಾಗವನ್ನು ಬದಲಿಸದೆ ಯಾವ ಗಾಡಿಯೂ ಅರವತ್ತು ವರ್ಷ ಓಡದು, ಆದ್ದರಿಂದ ಅಷ್ಟನ್ನು ಒಪ್ಪಲೇಬೇಕು. ಆದರೆ ಕೆಲವರು ಹಳೆಯ ಆಕಾರದ ಕವಚದೊಳಗೆ ಇಂದಿನ ಹಗುರ ಲೋಹಗಳ ಭಾಗಗಳನ್ನು ಅಡಗಿಸಿ ತಂದರು. ನೋಡಲು ಹಳೆಯ ಗಾಡಿ, ತೂಗಿದರೆ ಹೊಸದು. ಇಂಥದರೊಡನೆ ನಿಜವಾದ ಹಳೆಯ ಗಾಡಿಯನ್ನು ಸ್ಪರ್ಧೆಗೆ ಬಿಡುವುದು ನ್ಯಾಯವಲ್ಲ. ಹೀಗಾಗಿ ಮುಂದಿನ ಫೋರ್ಕು, ಚಕ್ರದ ಹಬ್ಬು, ಚಾಸಿ, ಎಂಜಿನ್ನಿನ ಕವಚ ಇವು ಯಾವ ಕಾಲದವಾಗಿರಬೇಕು ಎಂಬುದಕ್ಕೆ ನಿಯಮಗಳನ್ನು ಬರೆಯಬೇಕಾಯಿತು. ನಿಯಮಗಳು ಒಂದು ಸಂಘದಿಂದ ಇನ್ನೊಂದಕ್ಕೆ ಬೇರೆಯಾಗುತ್ತವೆ. ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ನಮ್ಮ ದೇಶದಲ್ಲಿ ಬುಲೆಟ್ಟನ್ನು ಹೆಚ್ಚು ಬದಲಾವಣೆಯಿಲ್ಲದೆ ದಶಕಗಳ ಕಾಲ ತಯಾರಿಸಲಾಯಿತು. 1985ರಲ್ಲಿ ಹುಟ್ಟಿ 1955ರ ರೂಪವನ್ನು ಹೊತ್ತ ಗಾಡಿಯ ವಯಸ್ಸನ್ನು ಯಾವುದರಿಂದ ಎಣಿಸಬೇಕು, ರೂಪದಿಂದಲೋ ಹುಟ್ಟಿದ ದಿನದಿಂದಲೋ? ಎರಡು ಕಡೆಯವರ ಮಾತಿನಲ್ಲಿಯೂ ತಥ್ಯವಿದೆ. ಆದರೂ ದಾಖಲೆಯನ್ನು ಪರೀಕ್ಷಿಸಬಹುದಾದ ಹುಟ್ಟಿದ ದಿನವೇ ಹೆಚ್ಚು ನಂಬತಕ್ಕ ಅಳತೆ.

ಭಾರತ ಸರ್ಕಾರವು ಈ ಅಳತೆಯನ್ನೇ ಹಿಡಿದಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ವಾಹನಗಳೆಂದು ನೋಂದಾಯಿಸಬಹುದು. ಚಾಸಿ, ಮೈಕಟ್ಟು, ಎಂಜಿನ್ನು ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅವಧಿ ಹತ್ತು ವರ್ಷ. ನವೀಕರಣಕ್ಕೆ 5,000 ರೂಪಾಯಿ. ಹೊಸದಾಗಿ ನೋಂದಾಯಿಸಿದ ಗಾಡಿಯ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿ.ಎ.’ ಎಂಬ ಗುರುತು ಬರುತ್ತದೆ. ಈಗಾಗಲೇ ನೋಂದಣಿಯಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳ ಫಲಕವನ್ನು ಮನೆತನದ ಹೆಸರಿನಂತೆ ಕಾಪಾಡಿಕೊಂಡವರಿಗೆ ಇದು ಸಮಾಧಾನದ ಸಂಗತಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಮೂವತ್ತು ವರ್ಷ ತುಂಬಿದ ಗಾಡಿಯನ್ನು ಐತಿಹಾಸಿಕವೆಂದು ಒಪ್ಪುತ್ತದೆ. ನಮ್ಮ ನಿಯಮ ಅದಕ್ಕಿಂತ ಬಿಗಿಯಾದುದು.

ಈ ಮನ್ನಣೆಗೆ ಪ್ರತಿಯಾಗಿ ಒಂದು ಕಟ್ಟುಪಾಡನ್ನು ಒಪ್ಪಬೇಕು. ವಿಂಟೇಜ್ ವಾಹನವನ್ನು ದಿನಬಳಕೆಗೆ ರಸ್ತೆಯ ಮೇಲೆ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೆಯ ವಾಹನಗಳ ಮೆರವಣಿಗೆ, ದುರಸ್ತಿ, ಪೆಟ್ರೋಲು ತುಂಬಿಸುವುದು ಇವಕ್ಕೆ ಮಾತ್ರ ಹೊರತೆಗೆಯಬಹುದು. ಅಂಕೋಲೆಯ ಸಂತೆಗೆ ಹಳೆಯ ಜಾವಾದ ಮೇಲೆ ಹೋಗಿ ತರಕಾರಿ ತರುವವನು ಈ ನೋಂದಣಿ ಮಾಡಿಸಿದರೆ ಆ ಹಕ್ಕನ್ನು ಬಿಟ್ಟುಕೊಟ್ಟಂತೆ. ಮಾಡಿಸದಿದ್ದರೆ ಐದೈದು ವರ್ಷಕ್ಕೊಮ್ಮೆ ಗಾಡಿಯ ಯೋಗ್ಯತೆಯನ್ನು ಪರೀಕ್ಷೆಗೆ ಒಡ್ಡಿ ನೋಂದಣಿಯನ್ನು ನವೀಕರಿಸುತ್ತಿರಬೇಕು. ಗಾಡಿಯನ್ನು ಚರಿತ್ರೆಯ ವಸ್ತುವೆಂದು ಭಾವಿಸುವವರು ಮೊದಲನೆಯದನ್ನೂ ಮನೆಯ ಆಳೆಂದು ಭಾವಿಸುವವರು ಎರಡನೆಯದನ್ನೂ ಆರಿಸುವುದು ಸಹಜ. ನಿಯಮವು ಈ ಎರಡಕ್ಕೂ ನಡುವೆ ಮೂರನೆಯ ದಾರಿಯನ್ನು ಇಟ್ಟಿಲ್ಲ. ಕೆಲಸ ಮಾಡುತ್ತಲೇ ಹಳತಾದ ಗಾಡಿಗೆ ಇದು ಸ್ವಲ್ಪ ಕಠಿಣವೇ ಸರಿ.

ಮೈಸೂರಿನ ಕಾರ್ಖಾನೆಯು 1996ರಲ್ಲಿ ಮುಚ್ಚಿತು. 1980ರ ದಶಕದ ನಡುವಿನಿಂದ ಪೆಟ್ರೋಲನ್ನು ಕಡಿಮೆ ಬೇಡುವ 100 ಸಿ.ಸಿ.ಯ ಗಾಡಿಗಳು ಮಾರುಕಟ್ಟೆಗೆ ಬಂದವು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾಗತೊಡಗಿದವು. ಜಾವಾ ಎಂಬ ಹೆಸರು 2018ರಲ್ಲಿ, ಯೆಜ್ದಿ ಎಂಬುದು 2022ರಲ್ಲಿ ಹೊಸ ಚತುರ್ಘಾತ ಗಾಡಿಗಳ ಮೇಲೆ ಮರಳಿ ಬಂದಿವೆ. ಆದರೆ ಅವುಗಳ ಭಾಗಗಳು ಹಳೆಯ ಗಾಡಿಗೆ ಒದಗುವುದಿಲ್ಲ. ಹಳೆಯ ಗಾಡಿಯ ಪಾಯಿಂಟನ್ನು ಕಿವಿಯಿಂದಲೇ ಹದಗೊಳಿಸಬಲ್ಲ, ಕಾರ್ಬುರೇಟರಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಓಟವನ್ನು ಸರಿಪಡಿಸಬಲ್ಲ ಮೆಕ್ಯಾನಿಕರು ಊರೂರಿನಲ್ಲಿ ಇದ್ದರು. ಅವರಿಗೂ ಈಗ ವಯಸ್ಸಾಗಿದೆ. ಅವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ.

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಪ್ರೇಮಿಗಳು ತಮ್ಮ ಗಾಡಿಗಳ ದಿನವನ್ನು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಅಂದು ಸಾಲುಗಟ್ಟಿ ಹೊರಡುವುದು ಸುಲಭ. ಕಾರವಾರ, ಅಂಕೋಲೆಗಳಲ್ಲಿ ಅದು ಆಷಾಢದ ಮಳೆ ಹೊಡೆಯುವ ಹೊತ್ತು. 1978ರಲ್ಲಿ ಬಂದ ಯೆಜ್ದಿ ರೋಡ್‌ಕಿಂಗ್ ಎಂಬ ಮಾದರಿಯ ಮೊದಲ ಗಾಡಿಗಳಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಕಾರ್ಖಾನೆಯ ಕೊನೆಯ ಗಾಡಿಗಳಿಗೆ 2046ರಲ್ಲಿ. ಅಲ್ಲಿಯವರೆಗೆ ಅವು ಕಡಲ ಗಾಳಿಯಲ್ಲಿ ಮೂಲರೂಪದಲ್ಲಿಯೇ ಉಳಿದಿರಬೇಕು.